ಕಣದ ಮನೆಯ ಇಪ್ಪತ್ತೇಳು

ನಾವು ವಾಸವಾಗಿರುವ ಮನೆ ಇನ್ನು ನಮ್ಮದಲ್ಲ ಎಂಬ ಸುದ್ದಿ ನನಗೆ ಯಾರ ಬಾಯಿಂದಲೂ ಬರಲಿಲ್ಲ. ಕಳಸದ ಕಂಪ್ಯೂಟರ್ ಸೆಂಟರಿನಲ್ಲಿ, ಮ್ಯಾಪಿನ ಮೇಲೆ, ನಾನೇ ಓದಿಕೊಂಡೆ.

ಸೆಂಟರು ಅಭಿರಾಮನದು. ನನ್ನ ಸೋದರಮಾವ ಕೃಷ್ಣಯ್ಯನವರ ಒಬ್ಬನೇ ಮಗ ಅವನು. ನಾನು ಮೂಡಿಗೆರೆಯಲ್ಲಿ ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದಾಗ, "ಎಂತ ಇಂಚರಾ, ಡೈರಿ ಬರ್ಕೊಂಡೇ ಮುದುಕಿ ಆಗ್ತೀಯಾ? ಸೆಂಟರಿಗೆ ಬಾ, ಮಕ್ಕಳಿಗೆ ಟೈಪಿಂಗ್ ಹೇಳ್ಕೊಡು," ಎಂದು ಕರೆದವನು ಅವನೇ. ನನಗೆ ಜನರ ಮುಖ ನೋಡಿ ಮಾತಾಡುವುದು ಕಷ್ಟ. ಟೈಪಿಂಗ್ ಕಲಿಯುವ ಮಕ್ಕಳು ಕೀಬೋರ್ಡ್ ನೋಡುತ್ತಾರೆಯೇ ಹೊರತು ಕಲಿಸುವವಳನ್ನು ನೋಡುವುದಿಲ್ಲ. ಹಾಗಾಗಿ ಒಪ್ಪಿಕೊಂಡೆ.

ಮ್ಯಾಪಿನ ಹುಚ್ಚು ಹತ್ತಿದ್ದು ೨೦೦೯ರ ಬೇಸಿಗೆಯಲ್ಲಿ. ಅಭಿ ಚಿಕ್ಕಮಗಳೂರಿಗೆ ಯಾವುದೋ ಸಭೆಗೆ ಹೋದವನು, ನಡೆದ ದಾರಿಯನ್ನು ಗುರುತು ಹಾಕಿಕೊಳ್ಳುವ, ಅಂಗೈಯಗಲದ ಒಂದು ಜಿಪಿಎಸ್ ಯಂತ್ರವನ್ನು ಯಾರಿಂದಲೋ ಕೇಳಿ ತಂದಿದ್ದ. ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಬರೆಯಬಹುದಾದ ಒಂದು ಮ್ಯಾಪ್ ಇದೆಯಂತೆ. ಒಂದು ಅಕೌಂಟ್ ತೆರೆದರೆ ಸಾಕು. ನಮ್ಮೂರಿನ ರಸ್ತೆ, ಹಳ್ಳ, ಮನೆ ಎಲ್ಲವನ್ನೂ ನಾವೇ ಸೇರಿಸಬಹುದು. ತಪ್ಪಿದ್ದರೆ ಇನ್ನೊಬ್ಬರು ತಿದ್ದಬಹುದು. ಯಾರು ಏನು ಬರೆದರು, ಯಾರು ಏನು ಅಳಿಸಿದರು ಎಂಬುದು ಹೆಸರು ಸಮೇತ ಅಲ್ಲೇ ಉಳಿಯುತ್ತದೆ. ಆ ಮ್ಯಾಪಿನಲ್ಲಿ ಆಗ ಕಳಸ ಎಂದರೆ ಒಂದು ಚುಕ್ಕೆ, ಅದರ ಪಕ್ಕದಲ್ಲಿ ಒಂದು ಗೆರೆ. ನಮ್ಮ ನೆಲ್ಲಿಕೊಪ್ಪ ಇರಲೇ ಇಲ್ಲ. ಉಪಗ್ರಹದ ಚಿತ್ರದಲ್ಲಿ ಹುಡುಕಿದರೆ ಬರೀ ಸಿಲ್ವರ್ ಓಕ್ ಮರಗಳ ತಲೆಗಳು.

"ಮೇಲಿಂದ ಕಾಣಲ್ಲ ಅಂದ್ರೆ ಕೆಳಗಿಂದ ನಡ್ಕೊಂಡೇ ಹೋಗ್ಬೇಕು," ಎಂದ ಅಭಿ.

ಭಾನುವಾರಗಳಲ್ಲಿ ನಡೆದೆವು. ಅವನ ಕೈಯಲ್ಲಿ ಯಂತ್ರ, ನನ್ನ ಕೈಯಲ್ಲಿ ಪೆನ್ಸಿಲು, ರಟ್ಟಿಗೆ ಕ್ಲಿಪ್ ಹಾಕಿದ ಹಾಳೆ. ಮನೆಯವರನ್ನು ಮಾತಾಡಿಸುವುದು ಅವನು, ಬರೆದುಕೊಳ್ಳುವುದು ನಾನು. ಅಷ್ಟು ಹತ್ತಿರದಿಂದ ಊರನ್ನು ನೋಡಿಯೂ ಯಾರ ಜೊತೆಗೂ ಮಾತಾಡಬೇಕಿಲ್ಲದ ಕೆಲಸ ಇನ್ನೊಂದು ಇರಲಾರದು ಎನಿಸುತ್ತಿತ್ತು ನನಗೆ.

ಕಷ್ಟ ಬಂದದ್ದು ವಿಳಾಸದ ವಿಷಯದಲ್ಲಿ. ಮ್ಯಾಪ್ ಕೇಳುವುದು ಮನೆ ಸಂಖ್ಯೆ, ಬೀದಿಯ ಹೆಸರು, ಊರು, ಪಿನ್ ಕೋಡ್. ನಮ್ಮಲ್ಲಿ ಬೀದಿ ಎಲ್ಲಿದೆ? ಒಂದು ಮನೆಯಿಂದ ಇನ್ನೊಂದು ಮನೆಗೆ ತೋಟದೊಳಗಿನ ಕಾಲುದಾರಿ, ಅದೂ ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ. ಟಪಾಲೆಲ್ಲ ಬಸ್ ನಿಲ್ಲುವ ಕಡೆ ಶಾಂತವೀರಪ್ಪನ ಅಂಗಡಿಗೆ ಬಂದು ಬೀಳುತ್ತದೆ. ಕಾಗದದ ಮೇಲೆ ಯಾರ ಹೆಸರಿದ್ದರೂ ಕೆಳಗೆ "ಕೇರಾಫ್" ಎಂದು ಒಬ್ಬರ ಹೆಸರು ಇರಲೇಬೇಕು. ನನ್ನ ಡಿಗ್ರಿ ಸರ್ಟಿಫಿಕೇಟೂ "ಕೇರಾಫ್ ಕೃಷ್ಣಯ್ಯ" ಎಂದೇ ಬಂದಿತ್ತು.

ಅಭಿಗೆ ಒಂದು ಉಪಾಯ ಹೊಳೆಯಿತು. ಪಂಚಾಯ್ತಿಯವರು ಹಿಂದೆ ಎಂದೋ ಪ್ರತಿ ಮನೆಯ ಬಾಗಿಲಿಗೂ ಸಂಖ್ಯೆಯ ತಗಡು ಹೊಡೆದಿದ್ದರು. ದಾರಿಯ ಈ ತುದಿಯ ಮನೆಯ ಸಂಖ್ಯೆ, ಆ ತುದಿಯ ಮನೆಯ ಸಂಖ್ಯೆ ಬರೆದು ನಡುವೆ ಒಂದು ಗೆರೆ ಎಳೆದುಬಿಟ್ಟರೆ, ಮಧ್ಯದ ಮನೆಗಳನ್ನು ಮ್ಯಾಪ್ ತಾನೇ ಎಣಿಸಿಕೊಳ್ಳುತ್ತದೆ. ದೊಡ್ಡ ದೊಡ್ಡ ಊರಿನವರೆಲ್ಲ ಹಾಗೇ ಮಾಡುತ್ತಾರಂತೆ. ಗೆರೆ ಎಳೆದೆವು. ಮರುವಾರ ಸರಿಯಿದೆಯೋ ನೋಡಲು ಹೋದರೆ ಒಂದೂ ತಾಳೆಯಾಗಲಿಲ್ಲ. ಹಳ್ಳದ ಪಕ್ಕ ಇರಬೇಕಾದ ಹದಿನಾಲ್ಕು ಗುಡ್ಡದ ನೆತ್ತಿಯಲ್ಲಿ, ಲಕ್ಕಯ್ಯನ ಹೊಸ ಮನೆಯ ಮೇಲಿತ್ತು.

"ಇದೆಂತ ಲಕ್ಕಯ್ಯ, ನಿಮ್ಮ ನಂಬರ್ ಕೆಳಗಿರ್ಬೇಕಿತ್ತಲ್ಲ?" ಎಂದ ಅಭಿ.

"ಮೊದ್ಲು ಮನೆನೂ ಕೆಳಗೇ ಇತ್ತಲ್ಲ," ಎಂದ ಲಕ್ಕಯ್ಯ. "ಪಾಲಾದಾಗ ತಮ್ಮ ಮನೆ ಇಟ್ಕಂಡ, ನಾನು ಬಾಗ್ಲು ತಗಂಡೆ. ಬಾಗ್ಲು ಬಂದಮೇಲೆ ನಂಬರ್ ಅಲ್ಲೇ ಕೂತಿರ್ತದಾ ಮಾರಾಯಾ?"

"ಹಂಗಾದ್ರೆ ತಮ್ಮನ ಮನೆ ನಂಬರ್ ಎಷ್ಟು?"

"ಅವಂಗೆಲ್ಲಿ ನಂಬ್ರು? ಅವನ ಮನೇಲಿ ಈಗ ಪ್ಲೈವುಡ್ ಬಾಗ್ಲು."

ಅಭಿ ಗುಡ್ಡ ಇಳಿಯುವವರೆಗೂ ನಗುತ್ತಿದ್ದ. ನನಗೆ ಅದು ತಮಾಷೆ ಎನಿಸಲಿಲ್ಲ. ನಮ್ಮ ಕಡೆ ಹೀಗೇ. ಗೋಡೆ ಮಣ್ಣಿನದು, ಮಾಡಿನ ಹೆಂಚು ಒಡೆಯುತ್ತದೆ. ಹಲಸಿನ ಮರದ ಹೆಬ್ಬಾಗಿಲು ಮಾತ್ರ ತಲೆಮಾರುಗಟ್ಟಲೆ ಬಾಳುತ್ತದೆ. ಮನೆ ಕೆಡವಿದಾಗ, ಪಾಲಾದಾಗ, ಮೊದಲು ಬಿಚ್ಚುವುದೇ ಅದನ್ನು. ಬಾಗಿಲು ಹೊತ್ತುಕೊಂಡು ಹೋದವರ ಜೊತೆ ಸಂಖ್ಯೆಯೂ ಹೋಗುತ್ತದೆ. ಅದು ತಪ್ಪೆಂದು ಯಾರಿಗೂ ಅನಿಸುವುದಿಲ್ಲ.

ನಮ್ಮ ಗೆರೆಯನ್ನು ಅಳಿಸಿ ಬೇರೆ ದಾರಿ ಹಿಡಿದೆವು. ಬೀದಿಯ ಜಾಗ ಖಾಲಿ ಬಿಟ್ಟೆವು. ಮನೆಗೆ ಜನ ಕರೆಯುವ ಹೆಸರು, ಅದು ಇರುವ ಜಾಗದ ಹೆಸರು, ಬಾಗಿಲಲ್ಲಿ ಸಂಖ್ಯೆ ಇದ್ದರೆ ಅದು, ಇಲ್ಲದಿದ್ದರೆ ಇಲ್ಲ. ಅಭಿ ಒಂದೇ ಒಂದು ನಿಯಮ ಹೇಳಿಕೊಟ್ಟಿದ್ದ. "ನೆಲದ ಮೇಲೆ ಇವತ್ತು ಎಂತ ಇದೆಯೋ ಅದನ್ನ ಮಾತ್ರ ಬರೀಬೇಕು. ನಿನ್ನೆ ಇದ್ದಿದ್ದು ಬೇಡ, ನಾಳೆ ಬರೋದೂ ಬೇಡ." ಆ ಮಾತು ನನಗೆ ಬಹಳ ಹಿಡಿಸಿತ್ತು.

ಮೇಲ್ಮನೆ, ಹೊಂಡದಮನೆ, ಹಲಸಿನಡಿ, ಕಟ್ಟೆಮನೆ. ಹಾಳೆಯ ಮೇಲೆ ಒಂದೊಂದೇ ಹೆಸರು ಬಂತು. ಹೊಂಡದಮನೆಯ ಅಂಜನಮ್ಮ ನಮಗೆ ಮಜ್ಜಿಗೆ ಕೊಟ್ಟು ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದ್ರಲ್ಲಿ ಹಾಕಿದ್ರೆ ನಮ್ಮನೆ ಹತ್ರ ಬಸ್ಸು ಬರ್ತದಾ ಮಗಾ?"

"ಬಸ್ಸು ಬರಲ್ಲ ಅಂಜನಮ್ಮ. ಬಸ್ಸು ಎಲ್ಲೆಲ್ಲಿ ಬರಲ್ಲ ಅಂತ ಲೋಕಕ್ಕೆಲ್ಲ ಗೊತ್ತಾಗ್ತದೆ," ಎಂದ ಅಭಿ.

ನಾನು ಚೂಡಿದಾರದ ವೇಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕೆ. ಸಂಜೆ ಮಾವನ ಮನೆಯ ಅಂಗಳ ದಾಟುವಾಗ ಅಭಿಯ ಅಮ್ಮ ರುಕ್ಮಿಣತ್ತೆ, "ಮ್ಯಾಪು ಆಯ್ತಾ, ಇಲ್ಲಾ ಇನ್ನೂ ತಿರುಗೋದಿದೆಯಾ ಇಬ್ರಿಗೂ?" ಎಂದು ಕಿಚಾಯಿಸುತ್ತಿದ್ದರು. ಸೋದರಮಾವನ ಮಗ ಎಂದ ಮೇಲೆ ಇಂಥ ಮಾತು ಬರುವುದೇ. ನಾನು ಉತ್ತರ ಕೊಡದೆ ಕೆಳಗೆ ನಮ್ಮ ಮನೆಗೆ ಇಳಿದುಬಿಡುತ್ತಿದ್ದೆ. ಆ ಮಾತು ಇಷ್ಟವಾಗುತ್ತಿರಲಿಲ್ಲ ಎಂದು ಬರೆದರೆ ಅದು ಸುಳ್ಳು.

ನಮ್ಮ ಮನೆ ಎಂದರೆ ಕಣದ ಮನೆ. ಮಾವ ಕಾಫಿ ಹಣ್ಣು ಒಣಗಿಸುವ ಕಣದ ಅಂಚಿಗೆ ಇರುವ, ಮೊದಲು ಚೆರ್ರಿ, ಅಂದರೆ ಒಣಗಿದ ಆ ಹಣ್ಣಿನ ಚೀಲ ಪೇರಿಸಿಡುತ್ತಿದ್ದ ಕಟ್ಟಡ. ಅಪ್ಪ ತೀರಿಕೊಂಡಾಗ ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಕೊಪ್ಪದ ಕಡೆಯ ಅಪ್ಪನ ಊರಿನಲ್ಲಿ ದೊಡ್ಡಪ್ಪ ಚಿಕ್ಕಪ್ಪ ಸೇರಿ ಹಳೆ ಮನೆ ಕೆಡವಿದರು. ಅಮ್ಮನಿಗೆ ಸಿಕ್ಕಿದ್ದು ಹೆಬ್ಬಾಗಿಲು. ಅದನ್ನು ಗೊಬ್ಬರದ ಲಾರಿಯಲ್ಲಿ ಹೇರಿಕೊಂಡು, ನನ್ನನ್ನು ಮುಂದೆ ಕೂರಿಸಿಕೊಂಡು ಅಮ್ಮ ತವರಿಗೆ ಬಂದಳು. ಆಗ ಬದುಕಿದ್ದ ನನ್ನ ಅಜ್ಜ, "ಇದು ಭಾಗೀರಥಿಗೆ," ಎಂದು ಕಣದ ಕಟ್ಟಡವನ್ನು ತೋರಿಸಿದರಂತೆ. ಬಾಯಿಮಾತು ಅಷ್ಟೇ. ಅದರ ತಗಡಿನ ಬಾಗಿಲು ಕಿತ್ತು ಅಪ್ಪನ ಮನೆಯ ಬಾಗಿಲು ಕೂರಿಸಿದರು. ಬಾಗಿಲವಾಡದ ಮೇಲ್ಗಡೆ, ಎಡಕ್ಕೆ, ನೀಲಿ ತಗಡಿನ ಮೇಲೆ ಬಿಳಿ ಬಣ್ಣದಲ್ಲಿ ೨೭.

ಆ ಇಪ್ಪತ್ತೇಳು ನೆಲ್ಲಿಕೊಪ್ಪದ್ದಲ್ಲ ಎಂಬುದು ಎಲ್ಲರಿಗೂ ಗೊತ್ತು. ಕಣದ ಕಟ್ಟಡಕ್ಕೆ ಪಂಚಾಯ್ತಿ ಸಂಖ್ಯೆಯೇ ಇಲ್ಲ, ಅದು ಮಾವನ ಮನೆಯ ಲೆಕ್ಕಕ್ಕೆ ಸೇರಿದ್ದು. ಆದರೂ ನಮಗೆ ವಿಳಾಸ ಅಂತ ಇದ್ದದ್ದು ಅದೊಂದೇ. ಚಿಕ್ಕವಳಿದ್ದಾಗ ಪುಸ್ತಕದ ಮೊದಲ ಪುಟದಲ್ಲೆಲ್ಲ "ಇಂಚರಾ, ೨೭, ಕಣದ ಮನೆ" ಎಂದು ಬರೆಯುತ್ತಿದ್ದೆ.

ನಮ್ಮ ಮನೆಯ ಸರದಿ ಬಂದದ್ದು ದೀಪಾವಳಿ ಕಳೆದ ಮೇಲೆ. ಆವತ್ತು ಅಭಿ ಯಂತ್ರದ ಜೊತೆಗೆ ಅಳತೆ ಟೇಪನ್ನೂ ತಂದಿದ್ದ. ಹೊರಗಿನ ಗೋಡೆ ಅಳೆದ. ಆಮೇಲೆ ಒಳಗೂ ಬಂದ. ನಡುಮನೆ, ಅಡುಗೆಮನೆ, ಕೊನೆಗೆ ಬಚ್ಚಲು. ಟೇಪಿನ ಇನ್ನೊಂದು ತುದಿ ಹಿಡಿದದ್ದು ನಾನು.

"ಒಳಗೆಲ್ಲ ಯಾಕೆ ಅಭಿ? ಬೇರೆಯವರ ಮನೇಲಿ ಅಳೀಲಿಲ್ವಲ್ಲ?"

"ನಿಮ್ಮನೆ ಅಲ್ವಾ, ಸರಿಯಾಗಿ ಬರ್ಲಿ ಅಂತ," ಎಂದ. ಅಡಿಗಳನ್ನು ತನ್ನ ಮೊಬೈಲಿನಲ್ಲಿ ಬರೆದುಕೊಂಡ.

ಅಮ್ಮ ಒಳಗಿನಿಂದ ಎರಡು ಲೋಟ ಕಾಫಿಯನ್ನು ಹೊಸ್ತಿಲಿಗಿಟ್ಟು, ಮುಖ ತೋರಿಸದೆ ಹಿತ್ತಲಿಗೆ ಹೋದಳು. ಯಾವಾಗಲೂ ಅಭಿ ಬಂದರೆ ಎದುರಿಗೆ ಕೂತು ಊರ ಸುದ್ದಿಯನ್ನೆಲ್ಲ ಕೇಳುವವಳು. ಕೆಲಸ ಇರಬೇಕು ಎಂದುಕೊಂಡೆ.

ಸೆಂಟರಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂತಾಗ ಸಂಖ್ಯೆಯ ಜಾಗದಲ್ಲಿ ನನ್ನ ಕೈ ನಿಂತಿತು. "ನಂಬರ್ ಹಾಕೋದಾ? ಅದು ನಮ್ಮ ಪಂಚಾಯ್ತಿದಲ್ಲ."

ಅಭಿ ನನ್ನ ಹಿಂದೆ ನಿಂತಿದ್ದ. ಸ್ವಲ್ಪ ಹೊತ್ತು ಬಿಟ್ಟು, "ಬಾಗಿಲಲ್ಲಿ ಎಂತ ಇದೆಯೋ ಅದು ಹಾಕು," ಎಂದ.

ಹಾಕಿದೆ. ೨೭, ಕಣದ ಮನೆ, ನೆಲ್ಲಿಕೊಪ್ಪ. ಕೆಳಗೆ ಕೇರಾಫ್ ಇರಲಿಲ್ಲ. ಬಸ್ಸಿಗೆ ಹೊತ್ತಾದರೂ ಎದ್ದು ಹೋಗಲು ಮನಸ್ಸಾಗದೆ ಆ ಸಣ್ಣ ಚೌಕವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದೆ. ಮನೆಗೆ ಬಂದು ಅಮ್ಮನಿಗೆ ಹೇಳಿದೆ.

"ಹೌದಾ," ಎಂದಳು. "ಯಾರು ಬೇಕಾದ್ರೂ ನೋಡ್ಬಹುದಾ ಅದನ್ನ?"

"ಇಡೀ ಪ್ರಪಂಚ ನೋಡ್ಬಹುದು ಅಮ್ಮ."

"ಹೌದಾ," ಎಂದಳು ಮತ್ತೆ.

ಜನವರಿಯಲ್ಲಿ ಕೊಯ್ಲು ಜೋರಾಗಿತ್ತು. ಭಾನುವಾರದ ತಿರುಗಾಟ ನಿಂತಿತ್ತು. ಅಭಿ ಯಾವುದೋ ಸಾಮಾನು ತರಬೇಕೆಂದು ವಾರಕ್ಕೊಮ್ಮೆ ಚಿಕ್ಕಮಗಳೂರಿಗೆ ಹೋಗುತ್ತಿದ್ದ, ಸೆಂಟರನ್ನು ನಾನು ನೋಡಿಕೊಳ್ಳುತ್ತಿದ್ದೆ. ಅಂಥ ಒಂದು ದಿನ ಮಧ್ಯಾಹ್ನ, ಮಕ್ಕಳೆಲ್ಲ ಹೋದ ಮೇಲೆ, ಸುಮ್ಮನೆ ಮ್ಯಾಪ್ ತೆರೆದೆ. ಮೊದಲು ನೋಡುವುದು ನಮ್ಮ ಮನೆಯನ್ನೇ.

ಚೌಕ ಅಲ್ಲೇ ಇತ್ತು. ಇಪ್ಪತ್ತೇಳು ಇರಲಿಲ್ಲ. ಕಣದ ಮನೆ ಇರಲಿಲ್ಲ. ಹಾಸಿಗೆಯ ಸಣ್ಣ ಚಿತ್ರ, ಅದರ ಕೆಳಗೆ "ಸಿಲ್ವರ್ ಮಿಸ್ಟ್ ಹೋಮ್‌ಸ್ಟೇ".

ಬೇರೆ ಯಾರೋ, ಎಲ್ಲೋ ಕೂತು, ತಪ್ಪು ಜಾಗದ ಮೇಲೆ ಕ್ಲಿಕ್ ಮಾಡಿದ್ದಾರೆ ಎಂದುಕೊಂಡೆ. ಹಾಗಾಗುವುದುಂಟು. ಯಾರು ತಿದ್ದಿದ್ದು ಎಂದು ನೋಡಿದೆ. ಅಭಿರಾಮನ ಅಕೌಂಟ್. ಯಾಕೆ ತಿದ್ದಿದ್ದು ಎಂದು ಬರೆಯುವ ಜಾಗದಲ್ಲಿ ಅವನದೇ ಮಾತು: "ತಪ್ಪು ಸಂಖ್ಯೆ ತೆಗೆದಿದೆ. ಈ ಕಟ್ಟಡ ಕೃಷ್ಣಯ್ಯನವರ ಮನೆಗೆ ಸೇರಿದ್ದು."

ಹೋಮ್‌ಸ್ಟೇ ಅಳಿಸಿ ಇಪ್ಪತ್ತೇಳನ್ನು ವಾಪಸ್ಸು ಹಾಕಿದೆ. ಕಾರಣದ ಜಾಗದಲ್ಲಿ ಬರೆದೆ: "ನೆಲದ ಮೇಲೆ ಇರುವುದನ್ನು ಮಾತ್ರ ಬರೆಯಬೇಕು. ಇಲ್ಲಿ ಹೋಮ್‌ಸ್ಟೇ ಇಲ್ಲ. ಇಲ್ಲಿ ಇಬ್ಬರು ವಾಸವಾಗಿದ್ದಾರೆ."

ಸಂಜೆ ಅಭಿ ಬಂದ. ಕೈಯಲ್ಲಿ ಬಣ್ಣದ ಡಬ್ಬಗಳು. ಅವನ್ನು ಮೂಲೆಗಿಟ್ಟು ನನ್ನ ಬೆನ್ನ ಹಿಂದಿನ ಕಂಪ್ಯೂಟರಿನಲ್ಲಿ ಕೂತ. ನಮ್ಮಿಬ್ಬರ ಕುರ್ಚಿಗಳ ನಡುವೆ ಒಬ್ಬರು ನುಸುಳುವಷ್ಟೂ ಜಾಗವಿಲ್ಲ. ತಿರುಗಿ ಕೇಳಬಹುದಿತ್ತು. ಆಗಲಿಲ್ಲ. ಅವನು ಲಾಗಿನ್ ಆದದ್ದು, ನಂತರ ಕ್ಷಣ ಸುಮ್ಮನಾದದ್ದು, ಆಮೇಲೆ ಕೀಲಿಗಳ ಸದ್ದು, ಎಲ್ಲವೂ ಕೇಳಿಸಿತು. ನಾನು ನನ್ನ ಪರದೆಯನ್ನು ಹೊಸದಾಗಿ ತೆರೆದೆ. ಮತ್ತೆ ಹೋಮ್‌ಸ್ಟೇ.

ನಾನು ಮತ್ತೆ ಮನೆ ಹಾಕಿದೆ. ಅವನು ಮತ್ತೆ ತೆಗೆದ. ಹಿಂದೆಯೇ ನನ್ನ ಅಕೌಂಟಿಗೆ ಒಂದು ಸಂದೇಶ ಬಂತು.

"ಬೇಸಿಗೆ ರಜೆಗೆ ಶುರು ಆಗ್ತದೆ. ಅತ್ತೆನ ಕೇಳು."

ಅತ್ತೆ ಎಂದರೆ ಅವನಿಗೆ ಅತ್ತೆ. ನನ್ನ ಅಮ್ಮ.

ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದೆ. ಅವನು ತಿರುಗಲಿಲ್ಲ. "ಇಂಚರಾ, ಬಸ್ಸಿಗಿನ್ನೂ ಟೈಮಿದೆ," ಎಂದ ಪರದೆಯನ್ನೇ ನೋಡುತ್ತ.

ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಅಮ್ಮ ಕಣದಲ್ಲಿ ಚೆರ್ರಿ ರಾಶಿ ಮಾಡುತ್ತಿದ್ದಳು. ಇಬ್ಬನಿ ಬೀಳುವ ಮುಂಚೆ ಎಳೆದು ಗುಡ್ಡೆ ಹಾಕಿ ಟಾರ್ಪಾಲು ಮುಚ್ಚಬೇಕು. ನಾನೂ ಚೆರ್ರಿ ಎಳೆಯುವ ಉದ್ದ ಹಿಡಿಯ ಇನ್ನೊಂದು ಹಲುಬೆ ಹಿಡಿದೆ. ಮುಖ ನೋಡದೆ ಕೇಳಲು ಅದು ಅನುಕೂಲವಾಯಿತು.

"ಅಮ್ಮ, ನಮ್ಮನೆ ಹೋಮ್‌ಸ್ಟೇ ಆಗ್ತದಾ?"

ಅಮ್ಮನ ಹಲುಬೆ ಸಿಮೆಂಟಿನ ಮೇಲೆ ಗರ್ರೆಂದು ಸ್ವಲ್ಪ ದೂರ ಹೋಗಿ ನಿಂತಿತು.

"ಅಭಿ ಹೇಳಿದ್ನಾ? ನಾನೇ ಹೇಳ್ಬೇಕು ಅಂತಿದ್ದೆ ಮಾರಾಯ್ತಿ. ಕೊಯ್ಲು ಮುಗೀಲಿ ಅಂತ ಸುಮ್ನಿದ್ದೆ."

"ನಾವೆಲ್ಲಿಗೆ?"

"ಚಿಕ್ಮಗ್ಳೂರಿಗೆ. ಅಣ್ಣ ಒಂದು ಮನೆ ನೋಡಿದಾರೆ, ಬಾಡಿಗೆ ಅವ್ರೇ ಕೊಡ್ತಾರಂತೆ. ನೀನು ಬಿ.ಎಡ್. ಮಾಡು. ಇಲ್ಲಿ ಕೂತ್ರೆ ಯಾರು ಬರ್ತಾರೆ ನಿನ್ನ ನೋಡಕ್ಕೆ? ಹೆಣ್ಣು ಎಲ್ಲಿದೆ ಅಂದ್ರೆ ಅಣ್ಣನ ಕಣದಲ್ಲಿದೆ ಅಂತ ಹೇಳ್ಬೇಕಾ ನಾನು?"

"ಅಜ್ಜ ನಿಂಗೆ ಅಂತ ಕೊಟ್ಟಿದ್ದಲ್ವಾ ಇದು?"

"ಕೊಟ್ಟಿದ್ರು. ನಾನು ಬಿಟ್ಟುಕೊಟ್ಟೆ. ಬರ್ದೂ ಕೊಟ್ಟಾಯ್ತು."

"ಯಾವಾಗ?"

ಅಮ್ಮ ಟಾರ್ಪಾಲಿನ ಒಂದು ತುದಿ ನನ್ನ ಕಡೆ ಎಸೆದಳು. "ಚೌತಿಗೆ ಎಲ್ಲ ಸೇರಿದ್ದಾಗ. ಹಿಡ್ಕೋ, ಗಾಳಿ ಬರ್ತದೆ."

ಚೌತಿಗೆ. ಟಾರ್ಪಾಲು ಎಳೆಯುತ್ತ ನಾನು ಲೆಕ್ಕ ಹಾಕಿದೆ. ಚೌತಿ ಮೊದಲು, ದೀಪಾವಳಿ ಆಮೇಲೆ. ಅಭಿ ಟೇಪು ತಂದದ್ದು ದೀಪಾವಳಿ ಕಳೆದ ಮೇಲೆ. ಬಚ್ಚಲನ್ನು ಅಳೆದದ್ದು, ಅಮ್ಮ ಹೊಸ್ತಿಲಿಗೆ ಕಾಫಿ ಇಟ್ಟು ಹಿತ್ತಲಿಗೆ ಹೋದದ್ದು, "ಬಾಗಿಲಲ್ಲಿ ಎಂತ ಇದೆಯೋ ಅದು ಹಾಕು" ಎಂದದ್ದು. ಇಬ್ಬರಿಗೂ ಗೊತ್ತಿತ್ತು. ಮನೆ ಕೊಟ್ಟಾಗಿದ್ದ ಮೇಲೆ ನನ್ನ ಕೈಯಿಂದ ಅದಕ್ಕೆ ವಿಳಾಸ ಬರೆಸಿದ್ದರು. ರುಕ್ಮಿಣತ್ತೆ ಅಂಗಳದಲ್ಲಿ ನಿಂತು ಕಿಚಾಯಿಸುವಾಗಲೂ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳು, ಊರಿನ ಮನೆಮನೆಗೂ ಹೋಗಿ ಅದರ ಹೆಸರು ಬರೆದುಕೊಂಡವಳು.

"ನಂಗೊಂದು ಮಾತು ಕೇಳ್ಬಹುದಿತ್ತು," ಎಂದೆ.

"ಕೇಳಿದ್ರೆ ಎಂತ ಹೇಳ್ತಿದ್ದೆ? ನೀನು ಯಾವತ್ತು ಬಾಯಿ ಬಿಟ್ಟು ಹೇಳಿದೀಯ ಇದು ಬೇಕು, ಇದು ಬೇಡ ಅಂತ? ಡೈರಿಲಿ ಬರೀತೀಯ. ನಂಗೆ ನಿನ್ನ ಡೈರಿ ಓದಕ್ಕಾಗ್ತದಾ?"

ಟಾರ್ಪಾಲಿನ ಅಂಚಿಗೆ ಕಲ್ಲು ಹೇರಿ ಒಳಗೆ ಬಂದೆ.

ಅಭಿಯೇ ಎರಡು ದಿನ ಬಿಟ್ಟು ಕಣಕ್ಕೆ ಬಂದ. ಸೆಂಟರಿಗೆ ನಾನು ಹೋಗಿರಲಿಲ್ಲ. ನಾನು ಚೆರ್ರಿಯಲ್ಲಿ ಸೇರಿಕೊಂಡಿದ್ದ ಎಲೆ ಕಡ್ಡಿ ಆರಿಸುತ್ತಿದ್ದೆ. ಅವನೂ ಕುಕ್ಕರಗಾಲಲ್ಲಿ ಕೂತು ನನ್ನ ಜೊತೆ ಆರಿಸತೊಡಗಿದ.

"ಸಿಟ್ಟಾ?"

ನಾನು ಒಂದು ಕಡ್ಡಿ ಆರಿಸಿ ಕಣದ ಆಚೆಗೆ ಎಸೆದೆ.

"ನಾನು ತಪ್ಪು ಎಂತ ಬರ್ದೆ ಹೇಳು ನೋಡೋಣ. ಆ ಇಪ್ಪತ್ತೇಳು ಇಲ್ಲಿದಾ? ಯಾರಾದ್ರೂ ಕೊಪ್ಪದ ಪಂಚಾಯ್ತಿಯವ್ರು ನೋಡಿದ್ರೆ ನಗಾಡ್ತಾರೆ."

"ಹಾಕು ಅಂದಿದ್ದು ನೀನೇ."

"ನೀನು ಅಷ್ಟು ಖುಷಿಲಿ ಇದ್ದೆ ಮಾರಾಯ್ತಿ. ಆಗ ಎಂತ ಹೇಳ್ಲಿ? ಅಪ್ಪ ಬೇರೆ ಹೇಳ್ಬೇಡ ಅಂದಿದ್ರು."

"ಟೇಪು?"

ಅವನು ಒಂದು ಒಣ ಎಲೆಯನ್ನು ಪುಡಿ ಮಾಡಿದ. "ಬಚ್ಚಲಿಗೆ ಟೈಲ್ಸ್ ಹಾಕ್ಬೇಕಿತ್ತಲ್ಲ. ಹೆಂಗೂ ಅಳೀತಿದ್ವಿ." ಆಮೇಲೆ ಸಮಾಧಾನ ಮಾಡುವ ದನಿಯಲ್ಲಿ, "ಬಾಗಿಲು ಎಂತದೂ ಮುಟ್ಟಲ್ಲ ಇಂಚರಾ. ಅದು ಹಂಗೇ ಇರ್ತದೆ. ಗೆಸ್ಟುಗಳಿಗೆ ಹಳೇ ಬಾಗಿಲು ಅಂದ್ರೆ ಭಾರೀ ಖುಷಿ. ವೆಬ್‌ಸೈಟಿಗೆ ಅದರದ್ದೇ ಫೋಟೋ ಹಾಕಿದೀನಿ," ಎಂದ.

ಆಗ ತಲೆ ಎತ್ತಿದೆ. "ಬಾಗಿಲು ನಮ್ಮದು."

"ಹೌದು ಮಾರಾಯ್ತಿ, ಯಾರು ಇಲ್ಲ ಅಂದ್ರು? ಆದ್ರೆ ಬಾಡಿಗೆ ಮನೆಗೆ ಬಾಗಿಲು ಹೊತ್ಕೊಂಡು ಹೋಗ್ತೀರಾ? ಅತ್ತೆನೂ ಇರ್ಲಿ ಬಿಡು ಅಂದ್ರು."

ಅದನ್ನೂ ಅಮ್ಮ ಹೇಳಿಬಿಟ್ಟಿದ್ದಳು. ಲಕ್ಕಯ್ಯನ ತಮ್ಮನ ಪ್ಲೈವುಡ್ ಬಾಗಿಲು ನೆನಪಾಯಿತು. ನಮಗೆ ಅದೂ ಇರುವುದಿಲ್ಲ, ಬಾಡಿಗೆ ಮನೆಯ ಬಾಗಿಲು ಮನೆಯ ಯಜಮಾನನದು. ನಾನು ಎದ್ದು ಕೈ ಕೊಡವಿಕೊಂಡೆ. ಅವನು ಆರಿಸುತ್ತಲೇ ಕೂತಿದ್ದ, ಆ ಕೆಲಸ ಮುಗಿಸಿದರೆ ನಾನು ಸರಿಹೋಗುತ್ತೇನೆ ಎನ್ನುವ ಹಾಗೆ.

ಶಿವರಾತ್ರಿ ಆದ ಮೇಲೆ ಹೊರಟೆವು. ಪಿಕಪ್ ಗಾಡಿ ಕಣದವರೆಗೆ ಬಂತು. ಟ್ರಂಕು, ಹಾಸಿಗೆ ಸುರುಳಿ, ಒರಳು, ದೇವರ ಪೆಟ್ಟಿಗೆ. ಮಾವ ಅಂಗಳದಲ್ಲಿ ನಿಂತು ಹಗ್ಗ ಬಿಗಿಸುವುದನ್ನು ನೋಡುತ್ತಿದ್ದರು. ರುಕ್ಮಿಣತ್ತೆ ಅಮ್ಮನಿಗೆ ಉಪ್ಪಿನಕಾಯಿ ಭರಣಿ ಕೊಟ್ಟು ಕಣ್ಣು ಒರೆಸಿಕೊಂಡರು. ಅಭಿ ಗಾಡಿಯ ಮೇಲೆ ನಿಂತು ಸಾಮಾನು ತೆಗೆದುಕೊಳ್ಳುತ್ತಿದ್ದ.

ನಾನು ಮಾವನ ಮನೆಯ ಕೊಟ್ಟಿಗೆಯಿಂದ ಸುತ್ತಿಗೆ ತಂದೆ. ಅಡುಗೆಮನೆಯ ಸ್ಟೂಲನ್ನು ಗಾಡಿಗೆ ಹಾಕುವ ಮುಂಚೆ ಹೊಸ್ತಿಲ ಮುಂದೆ ಇಟ್ಟು ಹತ್ತಿದೆ. ಸುತ್ತಿಗೆಯ ಹಿಂಬದಿಯನ್ನು ತಗಡಿನ ಕೆಳಗೆ ತೂರಿಸಿ ಮೀಟಿದೆ. ತುಕ್ಕು ಹಿಡಿದ ಮೊಳೆ ಕಿರುಗುಟ್ಟಿತು. ಎಲ್ಲರೂ ಈ ಕಡೆ ತಿರುಗಿದರು. ನನ್ನನ್ನು ಅಷ್ಟು ಜನ ಒಟ್ಟಿಗೆ ನೋಡಿದ್ದು ಅದೇ ಮೊದಲಿರಬೇಕು. ಆದರೂ ಕೆಳಗಿಳಿಯಲಿಲ್ಲ.

"ಅದ್ಯಾಕೆ ಕೀಳ್ತೀ ಮಗಾ?" ಎಂದರು ಮಾವ. "ಇರ್ಲಿ ಬಿಡು, ಬಾಗಿಲಿಗೆ ಚೆಂದ ಕಾಣ್ತದೆ."

"ಅದು ಇಲ್ಲಿದಲ್ಲ ಅಂತ ಅಭಿ ಹೇಳಿದಾನೆ ಮಾವ."

ಮಾವ ಮಗನ ಮುಖ ನೋಡಿದರು. ಅಭಿ ಒರಳನ್ನು ಇನ್ನಷ್ಟು ಒಳಗೆ ತಳ್ಳುವುದರಲ್ಲಿ ತೊಡಗಿದ್ದ. ಕೊನೆಯ ಮೊಳೆಯೂ ಬಂತು. ತಗಡು ಇದ್ದ ಜಾಗದಲ್ಲಿ ಮರ ಹೊಸದರ ಹಾಗೆ ಹಳದಿಯಾಗಿತ್ತು, ಸುತ್ತ ಕಪ್ಪು.

ಇಳಿದು ಗಾಡಿಯ ಹತ್ತಿರ ಹೋಗಿ ಸ್ಟೂಲನ್ನು ಅಭಿಯ ಕೈಗೆ ಕೊಟ್ಟೆ. "ಈಗ ನೀನು ಬರ್ದಿದ್ದು ಸರಿ ಆಯ್ತು," ಎಂದೆ.

ಅವನು ಸ್ಟೂಲು ಹಿಡಿದುಕೊಂಡು ನಿಂತ. ನಾನು ಮುಂದಿನ ಸೀಟಿಗೆ ಹೋಗಿ ಕೂತೆ. ಗಾಡಿ ಕಣ ದಾಟುವವರೆಗೆ ಅಮ್ಮ ಹಿಂದಕ್ಕೆ ತಿರುಗಿ ನೋಡುತ್ತಿದ್ದಳು, ನಾನು ನೋಡಲಿಲ್ಲ. ತಗಡು ನನ್ನ ತೊಡೆಯ ಮೇಲಿತ್ತು, ಮೊಳೆ ಸಮೇತ.

ಚಿಕ್ಕಮಗಳೂರಿನ ಮನೆ ಒಂದು ಗಲ್ಲಿಯಲ್ಲಿ, ಮಹಡಿಯ ಮೇಲೆ. ಕೆಳಗೆ ಮನೆಯ ಯಜಮಾನರು. ಗಲ್ಲಿಗೆ ಹೆಸರಿದೆ, ಗೇಟಿಗೆ ಸಂಖ್ಯೆಯಿದೆ. ಬಿ.ಎಡ್. ಕಾಲೇಜಿನ ಲ್ಯಾಬಿನಲ್ಲಿ ಒಮ್ಮೆ ಮ್ಯಾಪ್ ತೆರೆದು ನೋಡಿದೆ. ನಮ್ಮ ಗಲ್ಲಿಯಲ್ಲಿ ಒಂದೂ ಮನೆ ಬರೆದಿರಲಿಲ್ಲ. ಬೀದಿ, ಸಂಖ್ಯೆ, ಪಿನ್ ಕೋಡ್, ಕೇಳಿದ್ದೆಲ್ಲ ಸುಲಭವಾಗಿ ತುಂಬಬಹುದಾದ ಮನೆಗಳು. ನಾನು ಏನೂ ಸೇರಿಸಲಿಲ್ಲ. ನೆಲ್ಲಿಕೊಪ್ಪದಲ್ಲಿ ಹಾಸಿಗೆಯ ಚಿತ್ರ ಹಾಗೇ ಇತ್ತು. ಮೇಲ್ಮನೆ, ಹೊಂಡದಮನೆ, ಗುಡ್ಡದ ನೆತ್ತಿಯ ಹದಿನಾಲ್ಕು, ಎಲ್ಲವೂ ನಾನು ಬರೆದ ಹಾಗೇ ಇದ್ದವು, ಪ್ರತಿಯೊಂದರ ಪಕ್ಕದಲ್ಲೂ ನನ್ನ ಹೆಸರು. ಲಾಗೌಟ್ ಮಾಡಿದೆ.

ಅವತ್ತು ಸಂಜೆ ಮನೆಗೆ ಬಂದರೆ ಅಮ್ಮ ಟ್ರಂಕು ಬಿಚ್ಚಿ ಕೂತಿದ್ದಳು. ನನ್ನ ಬಟ್ಟೆಗಳ ಅಡಿಯಿಂದ ತಗಡು ತೆಗೆದು, ಸೀರೆಯ ತುದಿಯಿಂದ ಒರೆಸಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮುಂಬಾಗಿಲ ಪಕ್ಕದ ಗೋಡೆಗೆ ಹೊಸದೊಂದು ಮೊಳೆ ಹೊಡೆದಾಗಿತ್ತು, ಸಿಮೆಂಟಿನ ಪುಡಿ ಕೆಳಗೆ ಬಿದ್ದಿತ್ತು.

"ಓನರನ್ನ ಕೇಳಿದೆ," ಎಂದಳು. "ಹೊಡ್ಕೊಳ್ಳಿ ಅಂದ್ರು. ನಿಮ್ಮಪ್ಪನ ಮನೇದು ಅಂತ ಹೇಳಿದೆ. ಇಲ್ಲೇ ಹಾಕೋಣ್ವಾ ಇಂಚರಾ? ಇನ್ನೊಂಚೂರು ಮೇಲೆ ಬೇಕಾ?"

ಯಾವ ವಿಷಯದಲ್ಲೂ ಅಮ್ಮ ನನ್ನನ್ನು ಹೀಗೆ ಕೇಳಿದ್ದು ನೆನಪಿಲ್ಲ. ಚಪ್ಪಲಿ ಬಿಟ್ಟು, ಬ್ಯಾಗನ್ನು ಮೇಜಿನ ಮೇಲಿಟ್ಟೆ.

"ಅದು ಇಲ್ಲಿಯ ನಂಬರಲ್ಲ ಅಮ್ಮ," ಎಂದೆ. "ತಪ್ಪು ಸಂಖ್ಯೆ."

ಅಮ್ಮ ತಗಡನ್ನು ಟ್ರಂಕಿಗೆ ಹಾಕಿ, ಅದರ ಮೇಲೆ ನನ್ನ ಬಟ್ಟೆಗಳನ್ನು ಮೊದಲಿದ್ದ ಹಾಗೇ ಜೋಡಿಸಿ ಮುಚ್ಚಿದಳು. ಹೊಡೆದ ಮೊಳೆ ಸುಮ್ಮನೆ ಇರಬಾರದೆಂದು, ಅಂಗಡಿಯವರು ಕೊಟ್ಟ ಕ್ಯಾಲೆಂಡರನ್ನು ಅದಕ್ಕೆ ತೂಗುಹಾಕಿದಳು.